ಹಳೆಯ ಪ್ಯಾನೆಲ್ ಟ್ರಕ್ಕಿನ ಚಾಸಿಗೆ ಗರಗಸ ಹಾಕುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಹಳೆಯ ವಾಹನಗಳಿಗೆ ಮರುಜೀವ ಕೊಟ್ಟವರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಹೊಳೆಯುವ ಬಣ್ಣ, ಕ್ರೋಮ್ ಬಂಪರು, ಪಕ್ಕದಲ್ಲಿ ನಿಂತ ಮಾಲೀಕರ ಸಂತೋಷ, ಎಲ್ಲವೂ ಚಿತ್ರದಲ್ಲಿರುತ್ತವೆ. ಆದರೆ ಬಣ್ಣದ ಕೆಳಗಿರುವ ಗೇರ್‌ಬಾಕ್ಸ್ ಯಾವ ಗಾಡಿಯದ್ದು, ಬ್ರೇಕು ಎಲ್ಲಿಂದ ಬಂತು, ಅದಕ್ಕಾಗಿ ಯಾವ ಕಾರನ್ನು ಬಿಚ್ಚಲಾಯಿತು, ಬಿಚ್ಚಿದ್ದನ್ನು ಕೂರಿಸಲು ಗಾಡಿಗೆ ಬೆನ್ನೆಲುಬಾದ ಉಕ್ಕಿನ ಚೌಕಟ್ಟನ್ನು, ಅಂದರೆ ಹಳೆಯ ಚಾಸಿಯನ್ನು, ಎಲ್ಲೆಲ್ಲಿ ಕತ್ತರಿಸಲಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ನಾನು ಮತ್ತು ನನ್ನ ಅಣ್ಣ ಸೇರಿ 1951ರ ಒಂದು ಷೆವ್ರೊಲೆ ಪ್ಯಾನೆಲ್ ಟ್ರಕ್ಕನ್ನು ಹಲವು ವರ್ಷ ಹಿಡಿದು ದುರಸ್ತಿ ಮಾಡಿದ್ದೇವೆ. ಆ ಕೆಲಸದಿಂದ ಒಂದು ಮಾತು ನನಗೆ ಖಚಿತವಾಗಿದೆ. ದಾನಿ ಕಾರಿನ, ಅಂದರೆ ಬಿಡಿಭಾಗಗಳಿಗಾಗಿ ಬಿಚ್ಚುವ ಕಾರಿನ, ಭಾಗಗಳನ್ನು ಹಳೆಯ ಗಾಡಿಗೆ ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಕೂರದ ಭಾಗವನ್ನು ಕೂರಿಸಲು ಏನನ್ನಾದರೂ ಕತ್ತರಿಸಲೇಬೇಕಾದರೆ, ಆ ಗರಗಸ ದಾನಿಯ ಭಾಗದ ಮೇಲೆ ಆಡಬೇಕೇ ಹೊರತು ಹಳೆಯ ಗಾಡಿಯ ಮೇಲೆ ಅಲ್ಲ. ಈ ಪತ್ರವನ್ನು ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಪ್ಯಾನೆಲ್ ಟ್ರಕ್ಕನ್ನು ನೋಡದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ಮುಂದಿನಿಂದ ನೋಡಿದರೆ ಅದು ಪಿಕಪ್ಪಿನಂತೆಯೇ ಇರುತ್ತದೆ. ಹಿಂದೆ ತೆರೆದ ತೊಟ್ಟಿಯ ಬದಲು ಕಿಟಕಿಗಳಿಲ್ಲದ, ಪೂರ್ತಿ ಮುಚ್ಚಿದ ಉಕ್ಕಿನ ಮೈ, ಅದರ ಕೊನೆಯಲ್ಲಿ ಎರಡು ಬಾಗಿಲು. ಅಮೆರಿಕದಲ್ಲಿ ಬ್ರೆಡ್ಡು, ಹೂವು, ಒಗೆದ ಬಟ್ಟೆ ಮನೆಮನೆಗೆ ತಲುಪುತ್ತಿದ್ದದ್ದು ಇಂಥ ಗಾಡಿಗಳಲ್ಲಿ. ಮುದ್ರಣಾಲಯದಿಂದ ಪತ್ರಿಕೆಯ ಕಟ್ಟುಗಳನ್ನು ಅಂಗಡಿಗಳಿಗೆ ಹೊತ್ತದ್ದೂ ಇವೇ ಎಂಬುದನ್ನು ಪತ್ರಿಕೆಯೊಂದಕ್ಕೆ ಬರೆಯುವಾಗ ನೆನೆಯದೆ ಇರಲಾರೆ. ಷೆವ್ರೊಲೆ ಕಂಪನಿಯ ಅಡ್ವಾನ್ಸ್ ಡಿಸೈನ್ ಎಂಬ ಸರಣಿ 1947ರಿಂದ 1955ರವರೆಗೆ ತಯಾರಾಯಿತು. ನಮ್ಮ ಗಾಡಿ ಆ ಸರಣಿಯದು. 1961ರ ಹೊತ್ತಿಗೆ ಫೋರ್ಡ್ ಎಕನೊಲೈನ್‌ನಂಥ, ಮೂತಿ ಮೊಟಕಾದ ವ್ಯಾನುಗಳು ಬಂದವು. ಅದೇ ಉದ್ದದ ಗಾಡಿಯಲ್ಲಿ ಹೆಚ್ಚು ಸಾಮಾನು ಹಿಡಿಯತೊಡಗಿದ ಮೇಲೆ ಪ್ಯಾನೆಲ್ ಟ್ರಕ್ಕಿನ ಕಾಲ ಮುಗಿಯಿತು. ಷೆವ್ರೊಲೆ 1970ರ ನಂತರ ಅದನ್ನು ತಯಾರಿಸಲಿಲ್ಲ. ಇವನ್ನು ಕೊಂಡವರು ವ್ಯಾಪಾರಿಗಳು. ದುಡಿಯುವಷ್ಟು ದುಡಿಸಿ ಗುಜರಿಗೆ ಹಾಕಿದರು. ಪಿಕಪ್ಪುಗಳ ಹಾಗೆ ಇವು ಕೊಟ್ಟಿಗೆಯ ಮೂಲೆಯಲ್ಲಿ ಉಳಿದುಕೊಂಡದ್ದು ಕಡಿಮೆ.

ಈ ಕೊರತೆಯಿಂದಲೇ ಇಡೀ ಕಷ್ಟ ಶುರುವಾಗುತ್ತದೆ. ಬಾನೆಟ್ಟು, ಮುಂದಿನ ಮಡ್‌ಗಾರ್ಡು, ಗ್ರಿಲ್ಲು ಇವು ಅದೇ ಸರಣಿಯ ಪಿಕಪ್ಪಿನವೇ ಆದ್ದರಿಂದ ಹಳೆಯವೂ ಸಿಗುತ್ತವೆ, ಹೊಸದಾಗಿ ಅಚ್ಚೊತ್ತಿದವೂ ಸಿಗುತ್ತವೆ. ಆದರೆ ಉದ್ದನೆಯ ಪಕ್ಕದ ತಗಡು, ಮೇಲ್ಛಾವಣಿ, ಹಿಂಬಾಗಿಲು ಇವು ಪ್ಯಾನೆಲ್ ಟ್ರಕ್ಕಿಗಷ್ಟೇ ಸೇರಿದವು. ಹಾಳಾದರೆ ಇನ್ನೊಂದು ಪ್ಯಾನೆಲ್ ಟ್ರಕ್ಕೇ ದಾನಿಯಾಗಬೇಕು, ಇಲ್ಲವೇ ಕೈಯಿಂದ ಬಡಿದು ಮಾಡಬೇಕು. ಹಾಗಾಗಿ ಯಂತ್ರಭಾಗಗಳಿಗೆ ಸುಲಭವಾಗಿ ಸಿಗುವ ಕಾರೊಂದನ್ನು ದಾನಿಯಾಗಿ ಹಿಡಿಯುವುದು, ಮೈಯನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಎಂಬ ದಾರಿ ತಾನಾಗಿ ಹುಟ್ಟಿಕೊಂಡಿದೆ.

ಯಂತ್ರವೂ ಮೂಲದ್ದೇ ಇರಲಿ ಎನ್ನುವವರಿದ್ದಾರೆ. ಅವರ ಮಾತಿಗೆ ನನ್ನಲ್ಲಿ ಗೌರವವಿದೆ. ಆದರೆ ಇಂದಿನ ರಸ್ತೆಯಲ್ಲಿ ಅದನ್ನು ಓಡಿಸಿ ನೋಡಿದ ಮೇಲೆ ಮಾತಾಡುವುದು ಒಳ್ಳೆಯದು. ನಮ್ಮ ಗಾಡಿಯಲ್ಲಿದ್ದದ್ದು 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ ಆರು ಸಿಲಿಂಡರಿನ ಎಂಜಿನ್. ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ಅದರ ಕನೆಕ್ಟಿಂಗ್ ರಾಡುಗಳ ಬೇರಿಂಗು ಎರಕ ಹೊಯ್ದ ಬ್ಯಾಬಿಟ್ ಎಂಬ ಮೆತ್ತನೆಯ ಮಿಶ್ರಲೋಹದ್ದು. ಆ ಬೇರಿಂಗುಗಳಿಗೆ ಆಯಿಲ್ ಸಿಗುವುದು ಈಗಿನ ಎಂಜಿನ್ನುಗಳಂತೆ ಒಳದಾರಿಯಿಂದ ಒತ್ತಡದಲ್ಲಿ ಅಲ್ಲ. ರಾಡಿನ ತುದಿಯ ಸೌಟಿನಂಥ ಭಾಗ ತಳದ ತೊಟ್ಟಿಯಿಂದ ಆಯಿಲನ್ನು ಮೊಗೆದುಕೊಳ್ಳುತ್ತದೆ. ಸಾವಧಾನವಾಗಿ ಓಡಿಸುವವರಿಗೆ ಅದು ಬಹುಕಾಲ ಬಾಳುವ ಎಂಜಿನ್, ಆದರೆ ಗಂಟೆಗಟ್ಟಲೆ ಹೆಚ್ಚು ಸುತ್ತಿನಲ್ಲಿ ತಿರುಗಿಸಿದರೆ ಬೇರಿಂಗು ತಾಳುವುದಿಲ್ಲ. ಇದಕ್ಕೆ ಜೊತೆಯಾಗಿ ಹಿಂದಿನ ಆಕ್ಸಲಿನ ಗೇರ್ ಅನುಪಾತ 4.11; ಚಕ್ರ ಒಂದು ಸುತ್ತು ಬರಲು ಅದನ್ನು ತಿರುಗಿಸುವ ಶಾಫ್ಟು 4.11 ಸುತ್ತು ತಿರುಗಬೇಕು. ಅಂದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2500 ಸುತ್ತು ತಿರುಗುತ್ತದೆ. ಅದೇ ವೇಗಕ್ಕೆ 3.42 ಅನುಪಾತದ ಆಕ್ಸಲ್ ಇದ್ದರೆ ಸುಮಾರು 2050 ಸುತ್ತು ಸಾಕು. ಎಂಜಿನ್ನನ್ನು ಮುಟ್ಟದೆ ಎಂಜಿನ್ನಿನ ಆಯುಸ್ಸನ್ನು ಹೆಚ್ಚಿಸುವ ಬದಲಾವಣೆ ಇದು.

ಆದರೆ ಆಕ್ಸಲ್ ಒಂದನ್ನೇ ಬದಲಾಯಿಸಲು ಆಗುವುದಿಲ್ಲ. ಈ ಸರಣಿಯ ಅರ್ಧ ಟನ್ನಿನ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಒಂದು ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ. ಆ ಕೊಳವೆಯ ಒಂದು ತುದಿ ಗೇರ್‌ಬಾಕ್ಸಿಗೆ, ಇನ್ನೊಂದು ತುದಿ ಆಕ್ಸಲಿಗೆ. ಆಕ್ಸಲ್ ಬದಲಾಯಿಸಿದರೆ ಕೊಳವೆ ಹೋಗುತ್ತದೆ, ಕೊಳವೆ ಹೋದರೆ ಗೇರ್‌ಬಾಕ್ಸಿನ ಬಾಲ ಕೂರುವುದಿಲ್ಲ. ಗೇರ್‌ಬಾಕ್ಸ್ ಬದಲಾದರೆ ಕ್ಲಚ್ಚಿನ ಜೋಡಣೆ, ಕೈಬ್ರೇಕು, ಸ್ಪೀಡೋಮೀಟರಿನ ಕೇಬಲ್ಲು ಎಲ್ಲವೂ ಸರದಿಯಲ್ಲಿ ನಿಲ್ಲುತ್ತವೆ. ಚಕ್ರದ ನಟ್ಟುಗಳೂ ಬಿಡುವುದಿಲ್ಲ: ಹಳೆಯ ಟ್ರಕ್ಕಿನದು ಐದೂವರೆ ಅಂಗುಲದ ವೃತ್ತದಲ್ಲಿ ಆರು, ದಾನಿಯಾಗಿ ನಾವು ತಂದ 1970ರ ದಶಕದ ಷೆವ್ರೊಲೆ ನೋವಾ ಕಾರಿನದು ನಾಲ್ಕೂಮುಕ್ಕಾಲು ಅಂಗುಲದ ವೃತ್ತದಲ್ಲಿ ಐದು. ಮುಂದಿನ ಹಬ್ಬುಗಳು ಸಿದ್ಧವಾಗುವವರೆಗೆ ನಾವು ಎರಡು ಬಗೆಯ ಸ್ಟೆಪ್ನಿಗಳನ್ನು ಗಾಡಿಯೊಳಗೆ ಹೊತ್ತುಕೊಂಡೇ ತಿರುಗಿದೆವು. ಒಂದು ಭಾಗವನ್ನು ತರುವಾಗ ಅದರ ಬೆನ್ನಿಗೆ ಎಷ್ಟು ಭಾಗಗಳು ಬರುತ್ತವೆ ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳದವರು ನಡುದಾರಿಯಲ್ಲಿ ಸೋತು, ಕೊನೆಗೆ ಗರಗಸವನ್ನೇ ಸುಲಭದ ದಾರಿ ಎಂದುಕೊಳ್ಳುತ್ತಾರೆ.

ನಮ್ಮ ಗಾಡಿಗೆ ಆದದ್ದು ಅದೇ. ನಾವು ಕೊಳ್ಳುವ ಮೊದಲೇ ಯಾವುದೋ ಕಾರ್ಯಾಗಾರದಲ್ಲಿ ಅದರ ಚಾಸಿಯ ಮುಂಭಾಗವನ್ನು ಕತ್ತರಿಸಿ, ಒಂದು ಕಾರಿನ ಮುಂದಿನ ಸಬ್‌ಫ್ರೇಮನ್ನು, ಅಂದರೆ ಮುಂದಿನ ಚಕ್ರಗಳನ್ನು ಹಿಡಿಯುವ ಅರ್ಧ ಚೌಕಟ್ಟನ್ನು, ವೆಲ್ಡ್ ಮಾಡಿ ಅಂಟಿಸಲಾಗಿತ್ತು. ಪವರ್ ಸ್ಟೇರಿಂಗು, ಡಿಸ್ಕ್ ಬ್ರೇಕು ಒಂದೇ ಏಟಿಗೆ ಸಿಗುತ್ತವೆ ಎಂಬ ಕಾರಣಕ್ಕೆ ಒಂದು ಕಾಲದಲ್ಲಿ ಹೀಗೆ ಮಾಡುವುದು ಬಹಳ ಚಾಲ್ತಿಯಲ್ಲಿತ್ತು. ಕೊಂಡಾಗ ನಮಗೆ ಕಂಡದ್ದು ನುಣುಪಾದ ಕಪ್ಪು ಬಣ್ಣ ಮಾತ್ರ. ಓಡಿಸಿದಾಗ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಕೆಲವೇ ವಾರಗಳಲ್ಲಿ ಒಂದು ಟೈರಿನ ಒಳಅಂಚು ಸವೆದು ತಂತಿ ಕಾಣಿಸಿಕೊಂಡಿತು. ಆ ಕಾರಿನ ಚಕ್ರಗಳ ನಡುವಿನ ಅಗಲ ಹೆಚ್ಚಿದ್ದುದರಿಂದ ಟೈರುಗಳು ಮಡ್‌ಗಾರ್ಡಿನಿಂದ ಹೊರಕ್ಕೆ ಚಾಚಿದ್ದವು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರೆ ತಗಡಿಗೆ ಉಜ್ಜುತ್ತಿದ್ದವು.

ಕೊನೆಗೆ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿದೆವು. ಚಾಸಿಯ ಎಡ ಬಲಗಳಲ್ಲಿ ಒಂದಕ್ಕೊಂದು ಎದುರಾಗಿರುವ ತೂತುಗಳಿಂದ ತೂಗುಗುಂಡು ಇಳಿಬಿಟ್ಟು, ಅದರ ಮೊನೆ ನೆಲ ಮುಟ್ಟಿದಲ್ಲಿ ಅಣ್ಣ ಸೀಮೆಸುಣ್ಣದಿಂದ ಒಂದೊಂದೇ ಗುರುತು ಹಾಕುತ್ತಾ ಬಂದ. ಆಮೇಲೆ ಗಾಡಿಯನ್ನು ಬದಿಗೆ ಸರಿಸಿ, ನೆಲದ ಮೇಲಿನ ಬಿಳಿ ಗುರುತುಗಳನ್ನಷ್ಟೇ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆದೆವು. ಹಿಂಭಾಗದ ಎರಡು ಕರ್ಣಗಳು ಸರಿಸಮ ಬಂದವು. ಮುಂಭಾಗದಲ್ಲಿ ಒಂದು ಕರ್ಣ ಇನ್ನೊಂದಕ್ಕಿಂತ 17 ಮಿ.ಮೀ. ಉದ್ದವಿತ್ತು. ಎರಡನೆಯ ಸಲ, ಮೂರನೆಯ ಸಲ ಅಳೆದರೂ ಅಷ್ಟೇ. ಬಣ್ಣ ಕೆರೆದು ನೋಡಿದರೆ ವೆಲ್ಡನ್ನು ಚೆಂದ ಕಾಣಲೆಂದು ಗ್ರೈಂಡರಿನಿಂದ ಚಾಸಿಯ ಮಟ್ಟಕ್ಕೆ ಉಜ್ಜಿದ್ದರು, ಒಳಬದಿಯಲ್ಲಿ ವೆಲ್ಡ್ ಕಬ್ಬಿಣದೊಳಕ್ಕೆ ಇಳಿದೇ ಇರಲಿಲ್ಲ. ಕತ್ತರಿಸಿದ ಗೆರೆಯೂ ಚಾಸಿಗೆ ಅಡ್ಡಲಾಗಿ, ನೇರವಾಗಿ ಇತ್ತು. ಭಾರದ ಬಳುಕು ಬಂದು ಬೀಳುವುದು ಅಂಥ ಗೆರೆಯ ಮೇಲೆಯೇ. ಆ ಗಾಡಿಯಲ್ಲಿ ನಾವು ಮನೆಯ ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದೆವು ಎಂಬುದು ನೆನಪಾದಾಗ ಇಂದಿಗೂ ಎದೆ ಝಲ್ಲೆನ್ನುತ್ತದೆ.

ತಿದ್ದಲು ಎರಡನೆಯ ದಾನಿ ಬೇಕಾಯಿತು. ಅದೇ ಸರಣಿಯ, ಕ್ಯಾಬಿನ್ನು ತುಕ್ಕು ತಿಂದು ಮುಗಿದುಹೋಗಿದ್ದ ಒಂದು ಪಿಕಪ್ಪಿನಿಂದ ಚಾಸಿಯ ಮುಂಭಾಗವನ್ನು, ಅದರ ಲೀಫ್ ಸ್ಪ್ರಿಂಗುಗಳನ್ನು, ಮುಂದಿನ ಗಟ್ಟಿ ಆಕ್ಸಲನ್ನು ತಂದೆವು. ಜೋಡಿಸುವಾಗ ಗೆರೆಯನ್ನು ನೇರ ಕತ್ತರಿಸದೆ ಮೆಟ್ಟಿಲಿನ ಆಕಾರದಲ್ಲಿ ಕತ್ತರಿಸಿ, ಒಳಬದಿಗೆ ತುದಿಗಳು ಮೊನಚಾದ ಬಲವರ್ಧಕ ಪಟ್ಟಿಯಿಟ್ಟು, ಪ್ರತಿ ಹಂತದಲ್ಲೂ ಕರ್ಣಗಳನ್ನು ಅಳೆಯುತ್ತಾ ನುರಿತ ವೆಲ್ಡರ್ ಒಬ್ಬರಿಂದ ಬೆಸೆಸಿದೆವು. ಅಳತೆ ಸರಿ ಬಂದಿದೆ, ಗಾಡಿ ನೇರ ಓಡುತ್ತದೆ. ಆದರೂ ಒಮ್ಮೆ ಕತ್ತರಿಸಿದ ಚಾಸಿ ಕತ್ತರಿಸಿದ ಚಾಸಿಯೇ. ಅದನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ.

ನೋವಾ ಕಾರಿನ ಹಿಂದಿನ ಆಕ್ಸಲನ್ನು ಕೂರಿಸಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮಾತಿನ ತಿರುಳು ಅದರಲ್ಲಿದೆ. ಅದರ ಅಗಲ ಹಳೆಯ ಟ್ರಕ್ಕಿಗೆ ಬಹುಮಟ್ಟಿಗೆ ಹೊಂದುತ್ತದೆ, ಆದರೆ ಲೀಫ್ ಸ್ಪ್ರಿಂಗ್ ಕೂರುವ ಪೀಠಗಳು ಹೊಂದುವುದಿಲ್ಲ. ಟ್ರಕ್ಕಿನ ಸ್ಪ್ರಿಂಗುಗಳನ್ನು ಒಳಕ್ಕೋ ಹೊರಕ್ಕೋ ಸರಿಸಿ ಚಾಸಿಯಲ್ಲಿ ಹೊಸ ತೂತು ಕೊರೆಯಬಹುದು. ಅಥವಾ ಆಕ್ಸಲಿನ ಪೀಠಗಳನ್ನು ಕತ್ತರಿಸಿ ತೆಗೆದು ಟ್ರಕ್ಕಿನ ಸ್ಪ್ರಿಂಗು ಇರುವಲ್ಲಿಗೆ ಹೊಸ ಪೀಠ ಬೆಸೆಯಬಹುದು. ಎರಡನೆಯದಕ್ಕೆ ಕೆಲಸ ಹೆಚ್ಚು. ಪೀಠಗಳನ್ನು ಪೂರ್ತಿ ಬೆಸೆಯುವ ಮೊದಲು ಗಾಡಿಯ ಪೂರ್ತಿ ಭಾರ ಟೈರುಗಳ ಮೇಲೆ ನಿಲ್ಲಬೇಕು, ಗೇರ್‌ಬಾಕ್ಸಿನ ಓರೆಯನ್ನು ಅಳೆದು ಆಕ್ಸಲಿನ ಮೂತಿಯನ್ನು ಅದಕ್ಕೆ ಸಮಾನಾಂತರವಾಗಿ ನಿಲ್ಲಿಸಬೇಕು; ಇಲ್ಲದಿದ್ದರೆ ಶಾಫ್ಟಿನ ಎರಡು ತುದಿಯ ಕ್ರಾಸುಗಳು, ಅಂದರೆ ಬಾಗುವ ಕೀಲುಗಳು, ಬೇರೆ ಬೇರೆ ಕೋನದಲ್ಲಿ ತಿರುಗಿ ಗಾಡಿ ನಡುಗುತ್ತದೆ, ಕ್ರಾಸುಗಳು ಬೇಗ ಸಾಯುತ್ತವೆ. ನಾವು ಈ ದಾರಿಯನ್ನೇ ಹಿಡಿದೆವು. ನೋವಾ ಕಾರುಗಳು ಸಾಕಷ್ಟಿವೆ, ಅದರ ಆಕ್ಸಲಿನ ಮೇಲೆ ಗರಗಸ ಆಡಿದರೆ ಯಾರಿಗೂ ನಷ್ಟವಿಲ್ಲ. ಟ್ರಕ್ಕಿನ ಹಿಂದಿನ ಚಾಸಿಯಲ್ಲಿ ಒಂದೇ ಒಂದು ಹೊಸ ತೂತು ಬೀಳಲಿಲ್ಲ. ನಾಳೆ ಯಾರಾದರೂ ಮೂಲ ಆಕ್ಸಲನ್ನೇ ಹಾಕಬೇಕೆಂದರೆ ನಟ್ಟು ಬೋಲ್ಟು ಬಿಚ್ಚಿ ಹಾಕಿಕೊಳ್ಳಬಹುದು. ಗೇರ್‌ಬಾಕ್ಸನ್ನೂ ಹೀಗೆಯೇ ಹಳೆಯ ಬೆಲ್ ಹೌಸಿಂಗಿಗೆ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚಕ್ಕೆ) ನಡುವೆ ಒಂದು ಪ್ಲೇಟು ಕೊಟ್ಟು ಜೋಡಿಸಿದೆವು.

ಬ್ರೇಕಿನ ವಿಷಯದಲ್ಲಿ ಮಾತ್ರ ಮೂಲದ್ದೇ ಇರಲಿ ಎಂಬ ವಾದವನ್ನು ನಾನು ಒಪ್ಪಲಾರೆ. 1951ರ ಗಾಡಿಯಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದಾರಿಯಲ್ಲಿ ಬ್ರೇಕ್ ಆಯಿಲ್ ಹೋಗುತ್ತದೆ. ಎಲ್ಲೋ ಒಂದು ಹೋಸು ಒಡೆದರೆ ಪೆಡಲು ನೇರ ನೆಲಕ್ಕೆ ಇಳಿಯುತ್ತದೆ, ಒಂದು ಚಕ್ರವೂ ಹಿಡಿಯುವುದಿಲ್ಲ. ಪೆಡಲು ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗವೇ ಮಾಸ್ಟರ್ ಸಿಲಿಂಡರ್; ದಾನಿ ಕಾರಿನ ಎರಡು ಕೋಣೆಗಳ ಮಾಸ್ಟರ್ ಸಿಲಿಂಡರಿನಲ್ಲಿ ಮುಂದಿನ ದಾರಿ ಕೆಟ್ಟರೂ ಹಿಂದಿನದು ಕೆಲಸ ಮಾಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಟ್ರಕ್ಕುಗಳಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಕಾಲಿನ ಹಲಗೆಯ ಕೆಳಗೆ, ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗಿಂತ ತಗ್ಗಿನಲ್ಲಿ. ಹಾಗಾಗಿ ಪೆಡಲು ಬಿಟ್ಟಾಗ ಆಯಿಲು ಹಿಂದಕ್ಕೆ ಹರಿದುಬಿಡುತ್ತದೆ, ಮುಂದಿನ ಸಲ ಪೆಡಲನ್ನು ಎರಡು ಮೂರು ಬಾರಿ ಒತ್ತಬೇಕಾಗುತ್ತದೆ. ಡಿಸ್ಕಿನ ದಾರಿಯಲ್ಲಿ 2 ಪಿಎಸ್‌ಐ (ಚದರ ಅಂಗುಲಕ್ಕೆ 2 ಪೌಂಡು), ಡ್ರಮ್ಮಿನ ದಾರಿಯಲ್ಲಿ 10 ಪಿಎಸ್‌ಐ ಒತ್ತಡವನ್ನು ಹಿಡಿದಿಡುವ ಪುಟ್ಟ ವಾಲ್ವುಗಳನ್ನು ಹಾಕಿದರೆ ಈ ತೊಂದರೆ ಹೋಗುತ್ತದೆ. ದಾನಿಯಿಂದ ದೊಡ್ಡ ಭಾಗವನ್ನು ತಂದು ಇಷ್ಟು ಚಿಕ್ಕ ವಾಲ್ವನ್ನು ಮರೆತ ಗಾಡಿಗಳನ್ನು ನಾನು ನೋಡಿದ್ದೇನೆ. ಮುಂದಿನ ಡಿಸ್ಕುಗಳೂ ಚಾಸಿಯನ್ನು ಮುಟ್ಟಬೇಕಿಲ್ಲ. ಮೂಲ ಆಕ್ಸಲಿನ ತುದಿಗೇ ಬ್ರಾಕೆಟ್ಟು ಕೊಟ್ಟು ಬೋಲ್ಟಿನಿಂದ ಕೂರಿಸಬಹುದು. ಸೀಟ್ ಬೆಲ್ಟಿನ ವಿಷಯದಲ್ಲೂ ಮೂಲದಂತೆಯೇ ಇರಲಿ ಎಂಬ ವಾದವನ್ನು ನಾನು ಒಪ್ಪಲಾರೆ.

ವಿದ್ಯುತ್ತಿನ ಭಾಗ ಇಷ್ಟು ಕಷ್ಟದ್ದಲ್ಲ. 6 ವೋಲ್ಟಿನಿಂದ 12ಕ್ಕೆ ಹೋಗುವಾಗ ಬಲ್ಬು, ಹಾರನ್ನು ಬದಲಾಗುತ್ತವೆ, ಪೆಟ್ರೋಲ್ ಮುಳ್ಳಿಗೆ ವೋಲ್ಟೇಜು ಇಳಿಸುವ ರೆಸಿಸ್ಟರ್ ಬೇಕು.

ದಾನಿ ಕಾರನ್ನು ಆರಿಸುವ ಬಗ್ಗೆ ಹೇಳದಿದ್ದರೆ ಅದಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಬಿಡಿಭಾಗಗಳನ್ನು ಅಲ್ಲಲ್ಲಿ ಹೆಕ್ಕಿ ತರುವುದಕ್ಕಿಂತ ಇಡೀ ಕಾರನ್ನೇ ತರುವುದು ಲೇಸು. ಬ್ರಾಕೆಟ್ಟು, ಕೇಬಲ್ಲು, ಹೋಸು, ಪ್ರತಿಯೊಂದಕ್ಕೂ ಸರಿಯಾದ ಬೋಲ್ಟು ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಸಾಧ್ಯವಿದ್ದರೆ ಬಿಚ್ಚುವ ಮೊದಲು ಅದನ್ನು ಓಡಿಸಬೇಕು: ಗೇರು ಜಾರುತ್ತದೆಯೇ, ಆಕ್ಸಲು ಕೊರಗುಟ್ಟುತ್ತದೆಯೇ ಎಂಬುದು ನೆಲದ ಮೇಲೆ ಬಿದ್ದಿರುವ ಭಾಗವನ್ನು ನೋಡಿದರೆ ತಿಳಿಯುವುದಿಲ್ಲ. ಹಿಂದಿನ ಆಕ್ಸಲು ಬೇಕಾದವರಿಗೆ ಮುಂದಿನಿಂದ ಗುದ್ದಿಸಿಕೊಂಡ ಕಾರು, ಎಂಜಿನ್ ಬೇಕಾದವರಿಗೆ ಹಿಂದಿನಿಂದ ಗುದ್ದಿಸಿಕೊಂಡ ಕಾರು ಸಾಕು. ಚೆನ್ನಾಗಿರುವ, ತಾನೂ ಅಪರೂಪವಾಗುತ್ತಿರುವ ಕಾರನ್ನು ಬಿಚ್ಚಿ ಇನ್ನೊಂದನ್ನು ಉಳಿಸಿದೆನೆಂದರೆ ಲೆಕ್ಕ ಸರಿಹೋಗುವುದಿಲ್ಲ. ಪೆಟ್ರೋಲು, ಆಯಿಲು, ಕೂಲಂಟು ಇವನ್ನು ನೆಲಕ್ಕೆ ಚೆಲ್ಲದೆ ಡಬ್ಬಕ್ಕೆ ಇಳಿಸಬೇಕು, ಎ.ಸಿ. ಇದ್ದರೆ ಅದರ ಅನಿಲವನ್ನು ಯಂತ್ರವುಳ್ಳವರಿಂದಲೇ ತೆಗೆಸಬೇಕು. ಒಂದು ಗಾಡಿಯ ಗುರುತಿನ ಫಲಕವನ್ನು ಇನ್ನೊಂದಕ್ಕೆ ಅಂಟಿಸುವುದು ದುರಸ್ತಿಯಲ್ಲ, ವಂಚನೆ. ಟ್ರಕ್ಕು ಕೆಲವು ತಿಂಗಳು ಓಡುವವರೆಗೆ ದಾನಿಯ ಉಳಿದ ಮೈಯನ್ನು ಗುಜರಿಗೆ ಕಳಿಸಬಾರದೆಂಬುದು ನಾನು ಕಷ್ಟಪಟ್ಟು ಕಲಿತ ಪಾಠ. ಅವಸರದಲ್ಲಿ ಕಳಿಸಿದ ಮೇಲೆ, ಕೈಬ್ರೇಕಿನ ಕೇಬಲ್ಲನ್ನು ಹಿಡಿಯುವ ಅಂಗೈಯಗಲದ ಒಂದು ಬ್ರಾಕೆಟ್ಟಿಗಾಗಿ ತಿಂಗಳುಗಟ್ಟಲೆ ಅಲೆದೆವು.

ಮೈಯ ಕೆಲಸದಲ್ಲಿ ದಾನಿ ಕಾರು ಏನೂ ಕೊಡಲಾರದು, ಅಲ್ಲಿ ತಾಳ್ಮೆಯೇ ಬಂಡವಾಳ. ನಮ್ಮ ಗಾಡಿಯ ಹಿಂಬಾಗಿಲುಗಳ ತಳ ನೀರು ನಿಂತು ಕೊಳೆತಿತ್ತು. ಅಗಲವಾದ ಚಪ್ಪಟೆ ತಗಡನ್ನು ಒಂದೇ ಸಮನೆ ವೆಲ್ಡ್ ಮಾಡಿದರೆ ಬಿಸಿಗೆ ಅದು ಹಪ್ಪಳದಂತೆ ಅಲೆಯೇಳುತ್ತದೆ. ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅಷ್ಟು ದೂರದಲ್ಲಿ, ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ಮತ್ತೊಂದು, ಹೀಗೆ ಒಂದು ಬಾಗಿಲಿಗೆ ನಾಲ್ಕು ದಿನ ಹಿಡಿಯಿತು. ಒಳಗಿನ ಮರದ ಹಲಗೆಗಳನ್ನು ಮಾತ್ರ ನಾವು ಬದಲಾಯಿಸಲಿಲ್ಲ. ಚಾಲಕನ ಸೀಟಿನ ಹಿಂದಿನಿಂದ ಬಾಗಿಲವರೆಗೆ ಪೆಟ್ಟಿಗೆಗಳನ್ನು ಎಳೆದೆಳೆದು ಎರಡು ಹಲಗೆಗಳು ಬೆರಳು ಕೂರುವಷ್ಟು ತಗ್ಗಾಗಿವೆ. ಆ ತಗ್ಗನ್ನು ಯಾವ ದಾನಿಯಿಂದ ತರಲು ಸಾಧ್ಯ?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 1966ರಲ್ಲಿ ಸ್ಥಾಪನೆಯಾದದ್ದು. ಕನಿಷ್ಠ 30 ವರ್ಷ ಹಳೆಯದಾಗಿ, ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿ ಉಳಿಸಿಕೊಂಡ ವಾಹನವನ್ನು ಅದು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ. ಆ ಒಕ್ಕೂಟದ ಟ್ಯೂರಿನ್ ಸನ್ನದಿನಲ್ಲಿ ಹೇಳಿರುವುದರ ಸಾರವೂ ನಾನು ಹೇಳುತ್ತಿರುವುದಕ್ಕೆ ಹತ್ತಿರವಿದೆ: ನಂತರದ ಕಾಲದ ಬದಲಾವಣೆ ಅನಿವಾರ್ಯವಾದರೆ ಅದು ಮೂಲ ರಚನೆಯನ್ನೂ ರೂಪವನ್ನೂ ಕೆಡಿಸಬಾರದು, ಆದಷ್ಟೂ ಹಿಂದಕ್ಕೆ ತಿರುಗಿಸುವಂತಿರಬೇಕು, ತೆಗೆದ ಮುಖ್ಯ ಮೂಲ ಭಾಗಗಳನ್ನು ವಾಹನದ ಜೊತೆಗೇ ಇಟ್ಟುಕೊಳ್ಳಬೇಕು, ಮಾಡಿದ್ದನ್ನೆಲ್ಲ ದಾಖಲಿಸಬೇಕು. ನಮ್ಮ ಟ್ರಕ್ಕಿಗೆ ಆ ಮನ್ನಣೆ ಸಿಗಬೇಕೆಂದು ನಾನು ಕೇಳುತ್ತಿಲ್ಲ. ಬೇರೊಂದು ಕಾರಿನ ಆಕ್ಸಲು, ಗೇರ್‌ಬಾಕ್ಸು ಇರುವ ಗಾಡಿ ಅದು. ಆದರೆ ಮನ್ನಣೆ ಬೇಡದ ಗಾಡಿಗೂ ಆ ನಾಲ್ಕು ಮಾತುಗಳನ್ನು ಪಾಲಿಸಲು ಅಡ್ಡಿಯೇನಿಲ್ಲ. ತನ್ನ ಗಾಡಿಯನ್ನು ತನಗೆ ಬೇಕಾದಂತೆ ಮಾಡಿಕೊಳ್ಳುವ ಹಕ್ಕು ಮಾಲೀಕನದು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ನನ್ನ ಗಾಡಿಯನ್ನು ನನಗಿಂತ ಮೊದಲು ಕತ್ತರಿಸಿದವರೂ ಅದನ್ನೇ ಅಂದುಕೊಂಡಿದ್ದಿರಬೇಕು, ಅದರ ಫಲವನ್ನು ಅನುಭವಿಸಿದವರು ನಾವು.

ಕೆಲಸ ಶುರುವಾದ ದಿನದಿಂದ ನಾವು ಒಂದು ರಟ್ಟಿನ ನೋಟುಪುಸ್ತಕ ಇಟ್ಟಿದ್ದೇವೆ. ಯಾವ ಭಾಗ ಯಾವ ಗಾಡಿಯಿಂದ ಬಂತು, ಅದರ ಇಸವಿ ಯಾವುದು, ಚಾಸಿಯ ಬೆಸುಗೆ ಎಲ್ಲಿದೆ, ಯಾವ ಬೋಲ್ಟಿನ ಅಳತೆ ಎಷ್ಟು ಎಂದೆಲ್ಲ ಅದರಲ್ಲಿದೆ. ಇದು ನೆನಪಿಗಾಗಿ ಇಟ್ಟದ್ದಲ್ಲ. ಈ ಗಾಡಿಯ ಮುಂದಿನ ಬ್ರೇಕ್ ಪ್ಯಾಡು ಸವೆದಾಗ ಅಂಗಡಿಯಲ್ಲಿ 1951ರ ಷೆವ್ರೊಲೆ ಟ್ರಕ್ಕಿನದು ಎಂದು ಕೇಳಿದರೆ ತಪ್ಪು ವಸ್ತು ಸಿಗುತ್ತದೆ. ನೋವಾ ಕಾರಿನದು ಎಂದು ಕೇಳಬೇಕು. ಅದು ಗೊತ್ತಿರುವುದು ಸದ್ಯಕ್ಕೆ ಇಬ್ಬರಿಗೆ. ಮೂಲ ಆಕ್ಸಲು, ಕೊಳವೆ, ಮೂರು ಗೇರಿನ ಪೆಟ್ಟಿಗೆ ಇವುಗಳಿಗೆ ಗ್ರೀಸು ಬಳಿದು, ಬಟ್ಟೆ ಸುತ್ತಿ, ಚೀಟಿ ಕಟ್ಟಿ ಗೋಡೆಯ ಪಕ್ಕ ಇಟ್ಟಿದ್ದೇವೆ.

ತಮ್ಮ ಪತ್ರಿಕೆಯಲ್ಲಿ ಮುಂದೆ ಇಂಥ ಗಾಡಿಯೊಂದರ ಚಿತ್ರ ಅಚ್ಚಾಗುವಾಗ, ಅದರ ಮಾಲೀಕರನ್ನು ದಯವಿಟ್ಟು ಮೂರು ಪ್ರಶ್ನೆ ಕೇಳಿಸಿ: ದಾನಿ ಯಾವುದು, ಚಾಸಿ ಕತ್ತರಿಸಲಾಗಿದೆಯೇ, ತೆಗೆದ ಭಾಗಗಳು ಎಲ್ಲಿವೆ. ಉತ್ತರ ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಹಿಡಿಯುತ್ತದೆ.

ಇಂತಿ ವಂದನೆಗಳೊಂದಿಗೆ,
ತಮ್ಮ ಪತ್ರಿಕೆಯ ಒಬ್ಬ ಓದುಗ